ಸಂಘದ ಸ್ಕೂಟರ್, ಮಡಿಕೇರಿಯ ಇಳಿಜಾರು

ನಾನು ಮಡಿಕೇರಿಯ ಒಂದು ಸಹಕಾರ ಸಂಘದಲ್ಲಿ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ಚೌಕಿ, ಮಹದೇವಪೇಟೆ, ಕಾಲೇಜು ರಸ್ತೆ ಅಂತ ದಿನಾ ಅಂಗಡಿಯಿಂದ ಅಂಗಡಿಗೆ ಸುತ್ತಬೇಕು. ಸಂಘದಲ್ಲಿ ಎರಡು ಎಲೆಕ್ಟ್ರಿಕ್ ಸ್ಕೂಟರ್ ಇವೆ. ಓಡಿಸುವವರು ಐದಾರು ಜನ. ಬೆಳಿಗ್ಗೆ ನಾನು, ಮಧ್ಯಾಹ್ನ ಸಾಲದ ವಸೂಲಿಗೆ ಹೋಗುವವರು, ಸಂಜೆ ಯಾರಿಗೆ ಕೆಲಸ ಇದೆಯೋ ಅವರು. ಹೀಗೆ ಹತ್ತು ಕೈ ಬದಲಾಗುವ ಗಾಡಿಯನ್ನು ನಮ್ಮೂರಿನ ಏರು-ತಗ್ಗಿನಲ್ಲಿ ಹೇಗೆ ಓಡಿಸುತ್ತೇನೆ ಅನ್ನುವುದನ್ನು ಬರೆಯುತ್ತಿದ್ದೇನೆ. ಆಫೀಸಿನ ಗಾಡಿ ಓಡಿಸುವವರಿಗೂ ಬಾಡಿಗೆಗೆ ತೆಗೆದುಕೊಳ್ಳುವವರಿಗೂ ಉಪಯೋಗ ಆಗಬಹುದು.

ಸ್ವಂತ ಗಾಡಿಯಾದರೆ ಬ್ರೇಕ್ ಎಲ್ಲಿ ಹಿಡಿಯುತ್ತದೆ ಅಂತ ಕೈಗೇ ಗೊತ್ತಿರುತ್ತದೆ. ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿ ಹಾಗಲ್ಲ. ನಿನ್ನೆ ಸರಿ ಇತ್ತು ಅಂದ ಮಾತ್ರಕ್ಕೆ ಇವತ್ತೂ ಸರಿ ಇರಬೇಕು ಅಂತ ಏನಿಲ್ಲ. ಅದಕ್ಕೇ ಸ್ವಿಚ್ ಆನ್ ಮಾಡುವ ಮೊದಲು ಗಾಡಿಯನ್ನು ಎರಡು ಹೆಜ್ಜೆ ಮುಂದಕ್ಕೆ ತಳ್ಳಿ ಬಲಗಡೆಯ ಬ್ರೇಕ್ ಹಿಡಿಯುತ್ತೇನೆ. ಮತ್ತೆ ತಳ್ಳಿ ಎಡಗಡೆಯದ್ದು. ಲಿವರ್ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬಂದರೆ ಆ ಗಾಡಿ ಅವತ್ತು ಹೊರಗೆ ಹೋಗುವುದಿಲ್ಲ. ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ. ಕನ್ನಡಿ ತಿರುಗಿಸಿಕೊಳ್ಳುತ್ತೇನೆ. ನಮ್ಮಲ್ಲಿ ಒಬ್ಬರು ಆರಡಿ ಎತ್ತರದವರು, ಅವರು ಓಡಿಸಿದ ಮೇಲೆ ನನಗೆ ಕನ್ನಡಿಯಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ!

ಆಮೇಲೆ ಮೋಡ್, ಅಂದರೆ ಗಾಡಿ ಎಷ್ಟು ಜೋರಾಗಿ ಎಳೆಯಬೇಕು ಅಂತ ಆರಿಸುವ ಸೆಟ್ಟಿಂಗ್. ಸ್ಪೋರ್ಟ್ ಅಂದರೆ ಜೋರು, ಇಕೋ ಅಂದರೆ ಸೌಮ್ಯ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಹಿಂದೆ ಓಡಿಸಿದವರು ಸ್ಪೋರ್ಟ್ ಮೋಡಿನಲ್ಲಿ ಬಿಟ್ಟಿದ್ದರೆ ಕೆಲವು ಗಾಡಿಗಳು ಅದೇ ಮೋಡಿನಲ್ಲಿ ಶುರುವಾಗುತ್ತವೆ. ಪೆಟ್ರೋಲ್ ಸ್ಕೂಟರಿನ ಅಂದಾಜಿನಲ್ಲಿ ಥ್ರಾಟಲ್ ತಿರುಗಿಸಿದರೆ ಗಾಡಿ ಎಗರುತ್ತದೆ. ಎಲೆಕ್ಟ್ರಿಕ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುತ್ತದೆ ಅಲ್ವಾ. ಪೇಟೆಯೊಳಗೆ ನನಗೆ ಇಕೋ ಮೋಡೇ ಸಾಕು.

ನಮ್ಮಲ್ಲಿ ಹೊಸಬರು ಹೆದರುವುದು ಏರಿಗೆ. ಏರಿನಲ್ಲಿ ನಿಜವಾದ ಕಷ್ಟ ಇರುವುದು ಒಂದೇ ಕಡೆ, ಟ್ರಾಫಿಕ್‌ನಲ್ಲಿ ನಿಂತು ಮತ್ತೆ ಹೊರಡುವಾಗ. ಹೆಚ್ಚಿನ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಬ್ರೇಕ್ ಹಿಡಿದಿರುವಷ್ಟು ಹೊತ್ತು ಮೋಟಾರಿಗೆ ಪವರ್ ಹೋಗುವುದಿಲ್ಲ. ಬ್ರೇಕ್ ಬಿಟ್ಟು ಥ್ರಾಟಲ್ ಕೊಡುವ ಆ ಒಂದು ಗಳಿಗೆಯಲ್ಲಿ ಗಾಡಿ ಹಿಂದಕ್ಕೆ ಜಾರುತ್ತದೆ. ಹಿಂದೆ ಜೀಪು ನಿಂತಿದ್ದರೆ ಎದೆ ಝಲ್ ಅನ್ನುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಥ್ರಾಟಲ್ ಪೂರ್ತಿ ತಿರುಗಿಸಿ ಇಟ್ಟುಕೊಂಡರೆ, ಬ್ರೇಕ್ ಬಿಟ್ಟ ಕೂಡಲೇ ಕೆಲವು ಗಾಡಿಗಳು ಮುಂದಕ್ಕೆ ಹಾರುತ್ತವೆ. ನಾನು ಮಾಡುವುದು ಇಷ್ಟು: ಎರಡೂ ಕಾಲು ಗಟ್ಟಿಯಾಗಿ ಊರಿ, ಎಡಗೈಯಲ್ಲಿ ಮಾತ್ರ ಬ್ರೇಕ್ ಹಿಡಿದು, ಬಲಗೈ ಸಡಿಲ ಬಿಟ್ಟಿರುತ್ತೇನೆ. ಬ್ರೇಕ್ ಬಿಡುತ್ತಲೇ ಸ್ವಲ್ಪ ಸ್ವಲ್ಪವೇ ಥ್ರಾಟಲ್ ಕೊಡುತ್ತೇನೆ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಡಿದಿಡುವ ಸೌಲಭ್ಯ ಕೆಲವು ಮಾಡೆಲ್‌ಗಳಲ್ಲಿದೆ, ನಮ್ಮದರಲ್ಲಿ ಇಲ್ಲ.

ಇಳಿಜಾರೇ ನಿಜವಾದ ಪರೀಕ್ಷೆ. ಥ್ರಾಟಲ್ ಬಿಟ್ಟಾಗ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ವಾಪಸ್ ಕಳಿಸುತ್ತದೆ. ರೀಜನ್ ಅಂತಾರೆ. ಇಳಿಯುವಾಗ ಕೈಗೆ ಬಹಳ ಆರಾಮ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಕರೆಂಟಿಗೆ ಒಳಗೆ ಜಾಗ ಇರುವುದಿಲ್ಲ. ಆಗ ಗಾಡಿ ರೀಜನ್ ಕಡಿಮೆ ಮಾಡುತ್ತದೆ, ಇಲ್ಲವೇ ನಿಲ್ಲಿಸಿಬಿಡುತ್ತದೆ. ಸಂಜೆ ಒಂದು ತಿರುವಿನಲ್ಲಿ ತಾನಾಗಿ ನಿಧಾನ ಆಗುತ್ತಿದ್ದ ಗಾಡಿ, ಪೂರ್ತಿ ಚಾರ್ಜ್ ಆದ ಬೆಳಿಗ್ಗೆ ಅದೇ ತಿರುವಿನಲ್ಲಿ ಸುಮ್ನೆ ಓಡಿಬಿಡುತ್ತದೆ. ನಮ್ಮ ಆಫೀಸು ಇರುವುದು ಎತ್ತರದಲ್ಲಿ, ಹೊರಟ ಕೂಡಲೇ ಇಳಿಯಬೇಕು. ಅದಕ್ಕೆ ಪೇಟೆ ಸುತ್ತುವ ದಿನ ಚಾರ್ಜ್ ಶೇಕಡಾ 100 ತುಂಬಿಸುವುದಿಲ್ಲ, 85-90ಕ್ಕೆ ಪ್ಲಗ್ ತೆಗೆಯುತ್ತೇವೆ.

ಮಳೆಗಾಲದಲ್ಲಿ ಇನ್ನೂ ಹುಷಾರು ಬೇಕು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆ ಹಿಡಿದರೆ ರಸ್ತೆಯ ಅಂಚೆಲ್ಲ ಪಾಚಿ, ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಬಿದ್ದಿರುತ್ತದೆ, ಬಿಳಿ ಪಟ್ಟಿಗಳ ಮೇಲೆ ಟೈರ್ ನಿಲ್ಲುವುದಿಲ್ಲ. ನಮ್ಮ ಗಾಡಿಯಲ್ಲಿ ಎಡ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಬಲದ್ದು ಮುಂದಿನ ಚಕ್ರಕ್ಕೆ ಮಾತ್ರ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿಕೊಂಡು, ತಿರುವಿನೊಳಗೆ ಬ್ರೇಕ್ ಮುಟ್ಟದೆ ಹೋಗುತ್ತೇನೆ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಎದುರು ಬರೀ ಬಿಳಿ ಗೋಡೆ, ಲೋ ಬೀಮೇ ಸರಿ. ಶನಿವಾರ, ಭಾನುವಾರ ಅಬ್ಬಿ ಫಾಲ್ಸ್ ರಸ್ತೆಯ ಕೆಲಸ ಇಟ್ಟುಕೊಳ್ಳುವುದೇ ಇಲ್ಲ. ಆ ಕಿರಿದಾದ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳ ನಡುವೆ ನುಸುಳುವ ಹಟ ನನಗಿಲ್ಲ.

ಶುಕ್ರವಾರ ಸಂತೆ. ಮಹದೇವಪೇಟೆ ಕಡೆ ಜನ ರಸ್ತೆಯ ಮಧ್ಯದಲ್ಲೇ ನಿಂತು ಮಾತಾಡುತ್ತಿರುತ್ತಾರೆ. ಗಾಡಿಗೆ ಸದ್ದೇ ಇಲ್ಲವಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಒಣಮೀನು ಕೊಳ್ಳುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ಬೆಚ್ಚಿಬಿದ್ದು, "ಎಂತ ಮಾರಾಯ್ತಿ, ಬೆಕ್ಕಿನ ಹಾಗೆ ಬಂದ್ಬಿಟ್ಯಲ್ಲ!" ಅಂದರು. ಅವರ ಬೆನ್ನ ಹಿಂದೆ ಹಾರ್ನ್ ಹೊಡೆದಿದ್ದರೆ ಇನ್ನೂ ಬೆಚ್ಚುತ್ತಿದ್ದರು. ಸಂತೆಯ ದಿನ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋಗುತ್ತೇನೆ.

ಸದ್ದಿಲ್ಲದ್ದಕ್ಕೆ ಇನ್ನೊಂದು ಅಪಾಯ ಇದೆ. ನಿಂತ ಗಾಡಿ ಆನ್ ಇದೆಯೋ ಆಫ್ ಇದೆಯೋ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಆನ್ ಇರುವಾಗ ಹ್ಯಾಂಡಲ್ ಹಿಡಿದು ಎಳೆದರೆ ಥ್ರಾಟಲ್ ತಿರುಗಿ ಗಾಡಿ ಮುಂದಕ್ಕೆ ನುಗ್ಗುತ್ತದೆ. ಅಂಗಡಿಯ ಮುಂದೆ ಇಳಿಯುವ ಮೊದಲೇ ಆಫ್ ಮಾಡಿ ಕೀ ಕೈಗೆ ತೆಗೆದುಕೊಳ್ಳುತ್ತೇನೆ. ಅಂಗಡಿಯವರ ಮಕ್ಕಳಿಗೆ ಆ ಡಿಸ್‌ಪ್ಲೇ ಕಂಡರೆ ಮುಟ್ಟಲೇಬೇಕು.

ಚಾರ್ಜಿನ ಲೆಕ್ಕ ಕೂಡ ಸುರಕ್ಷತೆಯದ್ದೇ. ಬ್ಯಾಟರಿ ತೀರಾ ಇಳಿದರೆ ಗಾಡಿ ತಾನೇ ವೇಗ ಕಡಿಮೆ ಮಾಡುತ್ತದೆ. ಏರಿನ ಮಧ್ಯೆ, ಹಿಂದೆ ಬಸ್ ಇರುವಾಗ ಹಾಗಾಗಬಾರದು. ನನ್ನ ಅಂದಾಜು ಹೀಗಿದೆ: 100 ಮೀಟರ್ ಎತ್ತರ ಹತ್ತಿದರೆ ಸಮತಟ್ಟಿನಲ್ಲಿ 2-3 ಕಿಲೋಮೀಟರ್ ಓಡಿದಷ್ಟು ಚಾರ್ಜ್ ಹೋಗುತ್ತದೆ. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ವಾಪಸ್ ಬರುವಾಗ ರಸ್ತೆಯ ದೂರಕ್ಕೆ ಇನ್ನೊಂದು 8-9 ಕಿಲೋಮೀಟರ್ ಸೇರಿಸಿಕೊಂಡೇ ಹೊರಡುತ್ತೇನೆ. ಹೋಗುವಾಗ ಮೀಟರ್ ತೋರಿಸಿದ ರೇಂಜ್ (ಇನ್ನೆಷ್ಟು ದೂರ ಓಡಬಹುದು ಅನ್ನುವ ಲೆಕ್ಕ) ನಂಬಿದರೆ, ಬರುವ ದಾರಿಯಲ್ಲಿ ಸುಂಟಿಕೊಪ್ಪದ ಹತ್ತಿರವೇ ಚಿಂತೆ ಶುರುವಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಹಾಗಾಗಿ ಚಾರ್ಜ್ ಶೇಕಡಾ 40ರ ಕೆಳಗೆ ತಂದವರೇ ಚಾರ್ಜಿಗೆ ಹಾಕಬೇಕು ಅಂತ ಮಾಡಿಕೊಂಡಿದ್ದೇವೆ. ಏರು ಹತ್ತಿ ಬಂದ ಬಿಸಿಗೇ ಹಾಕುವುದಿಲ್ಲ, ಸ್ವಲ್ಪ ಆರಲು ಬಿಡುತ್ತೇವೆ. ಎಕ್ಸ್‌ಟೆನ್ಶನ್ ಬಾಕ್ಸ್ ಬಳಸುವುದಿಲ್ಲ. ಹೊರಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ.

ಗಾಡಿ ಎಲ್ಲರದ್ದೂ ಆದರೂ ಹೆಲ್ಮೆಟ್ ಅವರವರದ್ದೇ. ಬೇರೆಯವರ ಅಳತೆಯದ್ದು ತಲೆಯ ಮೇಲೆ ಕುಣಿಯುತ್ತದೆ. ಐಎಸ್‌ಐ ಗುರುತಿನದ್ದು, ಗಲ್ಲದ ಪಟ್ಟಿ ಬಿಗಿದದ್ದು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹೆಂಗಸರಿಗೆ ಇನ್ನೊಂದು ಮಾತು: ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ಉದ್ದದ ರೇನ್‌ಕೋಟ್ ಬದಲು ಪ್ಯಾಂಟ್ ಇರುವ ಸೆಟ್ ತೆಗೆದುಕೊಳ್ಳಿ, ಅಂಚು ಚಕ್ರಕ್ಕೆ ಸಿಗುವುದಿಲ್ಲ.

ಬಾಡಿಗೆಗೆ ತೆಗೆದುಕೊಳ್ಳುವವರು ನಂಬರ್ ಪ್ಲೇಟ್ ನೋಡಿ. ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟ್. ಅದರ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತ ಬಳಕೆಯದ್ದು, ಹಳದಿ ಇದ್ದರೆ ಬಾಡಿಗೆಯದ್ದು. ಬಿಳಿ ಅಕ್ಷರದ್ದನ್ನು ಬಾಡಿಗೆಗೆ ಕೊಟ್ಟರೆ ಏನಾದರೂ ಆದಾಗ ಇನ್ಶೂರೆನ್ಸ್ ತಕರಾರು ನಿಮ್ಮ ತಲೆಗೆ ಬರುತ್ತದೆ. ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಸಿಗುವ, 25 ಕಿಲೋಮೀಟರ್ ವೇಗ ಮೀರದ ಸಣ್ಣ ಗಾಡಿಗಳಿಗೆ ಲೈಸೆನ್ಸ್ ಬೇಡ. ತಮ್ಮನ ಮನೆಗೆ ಹೋದಾಗ ಮೆಟ್ರೋ ಸ್ಟೇಷನ್ನಿನಿಂದ ಅದನ್ನೇ ತೆಗೆದುಕೊಳ್ಳುತ್ತೇನೆ. ಚಕ್ರ ಚಿಕ್ಕದು, ಗುಂಡಿ ಸಿಕ್ಕರೆ ಕುಲುಕುತ್ತದೆ, ಒಬ್ಬರೇ ಕೂರಬೇಕು. ಸಾಲಾಗಿ ನಿಲ್ಲಿಸಿದ್ದರಲ್ಲಿ ಬ್ರೇಕ್ ಹಿಡಿದು ನೋಡಿ ಆರಿಸಿಕೊಂಡರೆ ಆಯಿತು. ಮಡಿಕೇರಿಗೆ ಲೈಸೆನ್ಸ್ ಬೇಕಾದ ದೊಡ್ಡ ಗಾಡಿಯೇ ಬೇಕು.

ನಮ್ಮ ಆಫೀಸಿನಲ್ಲಿ ಕೀ ಹಾಕುವ ಮೊಳೆಗೇ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ಗಾಡಿ ತಂದವರು ಚಾರ್ಜ್ ಎಷ್ಟಿದೆ, ಏನು ತೊಂದರೆ ಅಂತ ಬರೆಯಬೇಕು. ಮೊದಮೊದಲು ಎಲ್ಲರೂ "ಸರಿ ಇದೆ" ಅಂತಲೇ ಬರೆಯುತ್ತಿದ್ದರು. ಈಗ "ಎಡ ಬ್ರೇಕ್ ಸದ್ದು", "ಬಿದ್ದಿತ್ತು, ಕನ್ನಡಿ ಸಡಿಲ" ಅಂತ ಬರುತ್ತದೆ. ಬೀಳಿಸಿದ್ದು ಯಾರು ಅಂತ ಮ್ಯಾನೇಜರ್ ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಬರೆಯತೊಡಗಿದ್ದು. ಸದ್ಯ ಅದರಲ್ಲಿ ಎರಡನೇ ಗಾಡಿಯ ಹಿಂದಿನ ಟೈರ್ ಸವೆದಿದೆ ಅಂತ ಇದೆ. ಜೂನ್ ಒಳಗೆ ಹೊಸದು ಹಾಕಿಸುತ್ತೇನೆ ಅಂತ ಮ್ಯಾನೇಜರ್ ಅಂದಿದ್ದಾರೆ. ಅಲ್ಲಿಯವರೆಗೆ ಅದು ಆಫೀಸು-ಬ್ಯಾಂಕು ಮಧ್ಯೆ ಮಾತ್ರ ಓಡುತ್ತದೆ.