ಲೆಕ್ಕ ತೋರಿಸುವ ಪ್ರಕಾಶಕರು: ಗೇಮ್ ಪುಸ್ತಕಗಳಿಗೆ ಚಿತ್ರ ಬರೆದ ನನ್ನ ಅನುಭವ

ಹೊರದೇಶದ ಸಣ್ಣ ಪ್ರಕಾಶಕರು ಸರಿಯಾಗಿ ದುಡ್ಡು ಕೊಡ್ತಾರಾ ಅಂತ ಫ್ರೀಲ್ಯಾನ್ಸ್ ಶುರು ಮಾಡಿದ ಹುಡುಗರು ಆಗಾಗ ನನ್ನನ್ನು ಕೇಳುತ್ತಾರೆ. ಕೊಡ್ತಾರೆ. ಕೊಡದವರೂ ಇದ್ದಾರೆ, ಇಬ್ಬರ ಜೊತೆಗೂ ಕೆಲಸ ಮಾಡಿದ್ದೇನೆ. ಕೊಡುವವರನ್ನು ಗುರುತಿಸುವುದು ಹೇಗೆ ಅನ್ನೋದನ್ನ ಕಲಿಯೋಕೆ ನನಗೆ ಹನ್ನೊಂದು ಚಿತ್ರ ದಂಡವಾದವು.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಗೇಮ್ ಅಂದ ತಕ್ಷಣ ಎಲ್ಲರೂ ಮೊಬೈಲ್ ನೋಡುತ್ತಾರೆ. ಇದು ಟೇಬಲ್‌ಟಾಪ್ ಆರ್‌ಪಿಜಿ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡುತ್ತಾರೆ, ಕಷ್ಟದ ಜಾಗ ಬಂದಾಗ ದಾಳ ಹಾಕುತ್ತಾರೆ. ಇದನ್ನು ಅಮ್ಮನಿಗೆ ಅರ್ಧ ಗಂಟೆ ವಿವರಿಸಿದ ಮೇಲೆ ಅವಳು, "ಹಂಗಾದ್ರೆ ದಾಳ ಹಾಕಿ ಮಾಡೋ ತಾಳಮದ್ದಳೆ ಅನ್ನು" ಅಂದಳು. ಅದಕ್ಕಿಂತ ಚೆನ್ನಾಗಿ ನಾನು ಇನ್ನೂ ಯಾರಿಗೂ ಹೇಳಿಲ್ಲ. ಪ್ರಸಂಗ ಮೊದಲೇ ಗೊತ್ತಿರುತ್ತೆ, ಮಾತು ಮಾತ್ರ ಆಗಲೇ ಹುಟ್ಟಬೇಕು.

1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿನಿಂದ ಇದು ಅಮೆರಿಕ, ಇಂಗ್ಲೆಂಡ್ ಕಡೆ ದೊಡ್ಡ ಹವ್ಯಾಸ. ಆ ಒಂದು ಗೇಮು ದೊಡ್ಡ ಕಂಪನಿಯದ್ದು. ಅದರ ಸುತ್ತ ಒಬ್ಬರೋ ಇಬ್ಬರೋ ಸೇರಿ ನಡೆಸುವ ಪುಟ್ಟ ಪ್ರಕಾಶನಗಳು ಲೆಕ್ಕವಿಲ್ಲದಷ್ಟು. ಹಗಲು ಬೇರೆ ನೌಕರಿ, ರಾತ್ರಿ ಪುಸ್ತಕ. ಎ5 ಅಳತೆಯ, ನಡುವೆ ಪಿನ್ ಹೊಡೆದ ಸಣ್ಣ ಪುಸ್ತಕಕ್ಕೆ ಅವರು ಝೀನ್ ಅನ್ನುತ್ತಾರೆ. ಜನರಿಂದ ಮುಂಗಡ ಹಣ ಕೂಡಿಸಿಕೊಡುವ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನವರು 2019ರ ಫೆಬ್ರವರಿಯಲ್ಲಿ ಝೀನ್‌ಗಳಿಗೇ ಅಂತ ಝೀನ್ ಕ್ವೆಸ್ಟ್ ಅನ್ನೋ ಅಭಿಯಾನ ಶುರು ಮಾಡಿದ ಮೇಲೆ ಇಂಥ ಪುಸ್ತಕಗಳು ಜಾಸ್ತಿಯಾದವು, ಚಿತ್ರ ಬರೆಯುವವರು ಬೇಕಾದರು, ಶಿವಮೊಗ್ಗದಲ್ಲಿ ಕೂತ ನನಗೂ ಕೆಲಸ ಸಿಕ್ಕಿತು.

ಮೊದಲ ಕೆಲಸ 2020ರಲ್ಲಿ, ಲಾಕ್‌ಡೌನ್ ಹೊತ್ತಿಗೆ. ಹನ್ನೊಂದು ಚಿತ್ರ, ಚಿತ್ರಕ್ಕೆ 60 ಡಾಲರ್. ನನಗೆ ಆಗ ಅದು ದೊಡ್ಡ ದುಡ್ಡು. ಅಗ್ರಿಮೆಂಟಿನಲ್ಲಿ "ಪುಸ್ತಕ ಪ್ರಕಟವಾದ 30 ದಿನದೊಳಗೆ ಹಣ" ಅಂತ ಒಂದು ಸಾಲು ಇತ್ತು. ನಾನು 30 ದಿನ ಅನ್ನೋದನ್ನ ಮಾತ್ರ ಓದಿದೆ. ಪುಸ್ತಕ ಪ್ರಕಟವಾಗಲೇ ಇಲ್ಲ. ಮೊದಲೆರಡು ತಿಂಗಳು ಮೇಲ್‌ಗೆ "ಸ್ವಲ್ಪ ತಡ" ಅಂತ ಉತ್ತರ ಬಂತು, ಆಮೇಲೆ ಉತ್ತರವೂ ಇಲ್ಲ. ಅಗ್ರಿಮೆಂಟ್ ಪ್ರಕಾರ ನೋಡಿದರೆ ಅವರು ನನಗೆ ಬಾಕಿ ಇಲ್ಲ! ಚಿತ್ರದ ಹಕ್ಕು ಮಾತ್ರ ಪೂರ್ತಿ ಅವರದು, ಹಾಗಾಗಿ ಆ ಹನ್ನೊಂದು ಚಿತ್ರವನ್ನು ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ.

ಅಪ್ಪನಿಗೆ ಹೇಳಿದೆ. ಅಪ್ಪ ನಲವತ್ತು ವರ್ಷದಿಂದ ಮಂಡಿಗೆ ಅಡಿಕೆ ಹಾಕುವವರು. ಬೈಯಲಿಲ್ಲ. "ರೇಟು ಎಲ್ಲರೂ ಹೇಳ್ತಾರೆ, ಲೆಕ್ಕದ ಚೀಟಿ ಯಾರು ಕೊಡ್ತಾರೆ ನೋಡು" ಅಂದರು ಅಷ್ಟೇ. ಆಗ ಅದು ಹಳೇ ಕಾಲದ ಮಾತು ಅನ್ನಿಸಿತ್ತು.

ಮುಂದಿನ ವರ್ಷ ವೇಲ್ಸ್‌ನ ಒಬ್ಬರು ಬರೆದರು. ಪ್ರಕಾಶನ ಅಂದರೆ ಅವರು, ಅವರ ಊಟದ ಮೇಜು, ಒಂದು ಪ್ರಿಂಟರ್. ಆದರೆ ಮೊದಲ ಮೇಲ್‌ನಲ್ಲೇ ಎಲ್ಲ ಇತ್ತು. ಎರಡು ಅರ್ಧ ಪುಟದ ಚಿತ್ರ, ತಲಾ 75 ಪೌಂಡ್. ನಾಲ್ಕು ಕಾಲು ಪುಟದವು, ತಲಾ 40. ಒಟ್ಟು 310, ಅದರಲ್ಲಿ ಅರ್ಧ ಈಗಲೇ, ಇನ್ನರ್ಧ ಫೈಲ್ ಒಪ್ಪಿದ ವಾರದೊಳಗೆ, ಪುಸ್ತಕ ಬರಲಿ ಬಿಡಲಿ. ಪೆನ್ಸಿಲ್ ಹಂತದಲ್ಲಿ ಎರಡು ಸಲ ತಿದ್ದುಪಡಿ, ಅದಕ್ಕಿಂತ ಜಾಸ್ತಿಯಾದರೆ ಬೇರೆ ದುಡ್ಡು. ಕೆಲಸ ನಡುವೆ ನಿಂತರೆ ಎಷ್ಟು, ಚಿತ್ರವನ್ನು ನಾನು ಪೋರ್ಟ್‌ಫೋಲಿಯೋದಲ್ಲಿ ಯಾವಾಗಿನಿಂದ ಹಾಕಬಹುದು, ಹೆಸರು ಪುಸ್ತಕದಲ್ಲಿ ಹೇಗೆ ಬರಬೇಕು. ಈ ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ನಮ್ಮಂಥ ಇನಿಶಿಯಲ್ ಹೆಸರಿನವರಿಗೆ ಅಲ್ಲ. ಬೇರೆ ಕಡೆ ನಮ್ಮ ಊರಿನ ಹೆಸರನ್ನೇ ಸರ್‌ನೇಮ್ ಮಾಡಿ, ಅದನ್ನೇ ಮುಂದೆ ಹಾಕಿ, ನನ್ನ ಹೆಸರನ್ನು ಒಂದಕ್ಷರಕ್ಕೆ ಇಳಿಸಿದ್ದರು.

ಕಾಲು ಪುಟದ ಒಂದು ಚಿತ್ರಕ್ಕೆ ಬಂದ ವಿವರಣೆ ಇಷ್ಟೇ: ಗುಂಡಗಿನ ದೋಣಿ, ಅದರಲ್ಲಿ ಒಬ್ಬ ಮುದುಕಿ, ರಾತ್ರಿ, ನದಿ. ಗುಂಡಗಿನ ದೋಣಿ ಅಂದರೆ ನಮಗೆ ಹರಿಗೋಲೇ ಅಲ್ವಾ. ಹಂಪಿಯಲ್ಲಿ ನೋಡಿದ್ದನ್ನು ನೆನಪು ಮಾಡಿಕೊಂಡು ಬರೆದೆ: ಬಿದಿರಿನ ಹೆಣಿಗೆ, ಹೊರಗೆ ಡಾಂಬರು ಬಳಿದ ಕಪ್ಪು ಮೈ, ಹತ್ತು ಜನ ಕೂರುವಷ್ಟು ಅಗಲ, ಅಂಚಿನಲ್ಲಿ ಕೂತ ಮುದುಕಿ. ಕಳಿಸಿದ ರಾತ್ರಿಯೇ ಉದ್ದ ಮೇಲ್ ಬಂತು. ಅವರ ಕಡೆ ಟೈವಿ ನದಿಯಲ್ಲೂ ಇಂಥದೇ ದೋಣಿ ಇದೆಯಂತೆ, ಒಬ್ಬರೇ ಕೂರುವಂಥದ್ದು, ಮೀನು ಹಿಡಿದು ಮುಗಿಸಿ ಅದನ್ನು ಆಮೆ ಚಿಪ್ಪಿನ ಹಾಗೆ ಬೆನ್ನ ಮೇಲೆ ಹೊತ್ತು ಮನೆಗೆ ನಡೆಯುತ್ತಾರೆ. ಕಥೆಯಲ್ಲಿ ಮುದುಕಿಯೂ ಹಾಗೇ ದೋಣಿ ಹೊತ್ತು ಮಾಯವಾಗುತ್ತಾಳೆ. ನನ್ನ ಹರಿಗೋಲನ್ನು ಹೊರೋಕೆ ನಾಲ್ಕು ಜನ ಬೇಕು!

ಇಲ್ಲಿ ನಾನು ಸುಮ್ನೆ ಬೇರೆ ಬರೆದುಕೊಡುತ್ತಿದ್ದೆ, ಅಭ್ಯಾಸವೇ ಅದು. ಅವರು ಬರೆದಿದ್ದು ಇದು: ದೋಣಿ ಎಷ್ಟು ದೊಡ್ಡದು ಅಂತ ನಾನು ಹೇಳಿರಲಿಲ್ಲ, ತಪ್ಪು ನನ್ನದು, ಮತ್ತೆ ಬರೆಯುವುದಾದರೆ ಅದಕ್ಕೆ ಇನ್ನೂ 40 ಕೊಡುತ್ತೇನೆ, ಇಲ್ಲವೇ ಕಥೆಯನ್ನೇ ಬದಲಾಯಿಸುತ್ತೇನೆ. ಕೊನೆಗೆ ಕಥೆ ಬದಲಾಯಿತು. ಈಗ ಅದರಲ್ಲಿ ಮುದುಕಿ ದೋಣಿಯನ್ನು ಗಾಲಿಯ ಹಾಗೆ ಉರುಳಿಸಿಕೊಂಡು ಹೋಗುತ್ತಾಳೆ. ನನಗೇನೋ ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಅನ್ನಿಸುತ್ತೆ.

ಆ ಪುಸ್ತಕ ಏಳು ತಿಂಗಳು ತಡವಾಯಿತು. ಕಾಗದದ ಬೆಲೆ ಏರಿತ್ತು, ಜೊತೆಗೆ 2021ರ ಜುಲೈನಿಂದ ಯುರೋಪಿನ ವ್ಯಾಟ್ ನಿಯಮ ಬದಲಾಗಿ ಬ್ರಿಟನ್‌ನಿಂದ ಹೋಗುವ ಸಣ್ಣ ಪಾರ್ಸೆಲ್‌ಗೂ ತೆರಿಗೆಯ ತಲೆನೋವು ಬಂತು. ತಡದ ಸುದ್ದಿಯ ಜೊತೆ ಅವರು ಒಂದು ಶೀಟ್ ಕಳಿಸಿದರು, ನಾನು ಕೇಳಿರಲಿಲ್ಲ. ಎಷ್ಟು ಹಣ ಕೂಡಿತು, ಅದರಲ್ಲಿ ಕಿಕ್‌ಸ್ಟಾರ್ಟರ್ ಮತ್ತು ಕಾರ್ಡಿನವರು ನೂರಕ್ಕೆ ಎಂಟು ಒಂಬತ್ತರಷ್ಟು ಹಿಡಿದಿದ್ದು, ಪ್ರಿಂಟಿಂಗ್, ಅಂಚೆ, ನನ್ನ 310, ಸಂಪಾದಕರಿಗೆ ಕೊಟ್ಟಿದ್ದು. ಅವರ ಹೆಸರಿನ ಮುಂದೆ ಉಳಿದಿದ್ದು ನನ್ನದಕ್ಕಿಂತ ಕಡಿಮೆ. ಪಿಡಿಎಫ್ ಮಾರಾಟದಿಂದ ತುಂಬಿಕೊಳ್ಳಬಹುದು ಅಂದರೆ ಡ್ರೈವ್‌ಥ್ರೂ ಆರ್‌ಪಿಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ನೂರಕ್ಕೆ 30 ರಿಂದ 35 ಅಂಗಡಿಗೇ ಹೋಗುತ್ತೆ. ಅಪ್ಪ ಹೇಳಿದ ಲೆಕ್ಕದ ಚೀಟಿ ಇದೇ ಅಂತ ಆವತ್ತು ಹೊಳೆಯಿತು. ತಡ ಮಾಡುವವರೆಲ್ಲ ಮೋಸಗಾರರಲ್ಲ. ತಡವಾಗುತ್ತೆ ಅಂತ ಯಾವಾಗ ಹೇಳಿದರು, ಏನು ತೋರಿಸಿದರು ಅನ್ನೋದನ್ನ ನೋಡಬೇಕು.

ಚಿತ್ರ ಬಿಟ್ಟು ಪಠ್ಯ ಬರೆದುಕೊಡುವ ಕೆಲಸವನ್ನೂ ಮಾಡಿದ್ದೇನೆ. ಅಲ್ಲಿ ಲೆಕ್ಕ ಬೇರೆ, ಪದಕ್ಕೆ ಇಷ್ಟು ಅಂತ. ಮೂರು ನಾಲ್ಕು ಸೆಂಟಿಗೆ ಕೇಳುವವರು ತುಂಬ, ಹತ್ತು ಸೆಂಟ್ ಕೊಟ್ಟರೆ ಒಳ್ಳೆಯ ರೇಟು. ಆದರೆ ಯಾವ ಪದಕ್ಕೆ ಅಂತ ಕೇಳಿ: ನೀವು ಬರೆದ ಪದಕ್ಕೋ, ಅಚ್ಚಾದ ಪದಕ್ಕೋ? ಕೆನಡಾದ ಒಬ್ಬ ಸಂಪಾದಕಿ ನನ್ನಿಂದ 2,500 ಪದ ತೆಗೆದುಕೊಂಡು 600 ಪದ ಕತ್ತರಿಸಿದರು. ಇನ್‌ವಾಯ್ಸ್‌ನಲ್ಲಿ ನಾನೇ ಪೆದ್ದುಪೆದ್ದಾಗಿ 1,900 ಅಂತ ಹಾಕಿದ್ದೆ. ಅವರು ಅದನ್ನು ವಾಪಸ್ ಕಳಿಸಿ, ನಾನು ಕೇಳಿದ್ದು 2,500, ನೀವು ಕೊಟ್ಟಿದ್ದೂ 2,500, ಕತ್ತರಿಸಿದ್ದು ನನ್ನ ಅನುಕೂಲಕ್ಕೆ, ತಿದ್ದಿ ಕಳಿಸಿ ಅಂದರು.

2023ರ ಜನವರಿ ನೆನಪಿರಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಹೊಂದುವ ಪುಸ್ತಕಗಳನ್ನು ಬೇರೆಯವರೂ ಮಾಡಬಹುದು ಅಂತ 2000ದಿಂದ ಒಂದು ಲೈಸೆನ್ಸ್ ಇತ್ತು, ಓಜಿಎಲ್ ಅಂತ. ಅದನ್ನು ಬದಲಾಯಿಸೋಕೆ ಆ ಗೇಮಿನ ಕಂಪನಿ ಮಾಡಿದ್ದ ಕರಡು ಸೋರಿ ಹೊರಬಂತು. ವರ್ಷಕ್ಕೆ 7,50,000 ಡಾಲರ್ ಮೀರಿ ದುಡಿಯುವವರಿಂದ ಪಾಲು ಕೇಳುವ ಮಾತು ಅದರಲ್ಲಿತ್ತು. ನಾನು ಕೆಲಸ ಮಾಡುವ ಯಾರೂ ಅದರ ಹತ್ತಿರಕ್ಕೂ ಇಲ್ಲ, ಆದರೆ ಹಳೇ ಲೈಸೆನ್ಸೇ ಹೋಗುತ್ತೆ ಅನ್ನೋ ಭಯ ಎಲ್ಲರಿಗೂ. ನನ್ನ ಕೈಯಲ್ಲಿ ಅಂಥ ಒಂದು ಪುಸ್ತಕದ ಆರು ಚಿತ್ರ ಇದ್ದವು, ಮೂರು ಮುಗಿದಿದ್ದವು. ಎರಡು ದಿನದಲ್ಲಿ ಪ್ರಕಾಶಕರ ಮೇಲ್: ನಿಲ್ಲಿಸಿ, ಮುಗಿದ ಮೂರಕ್ಕೆ ಪೂರ್ತಿ, ಉಳಿದ ಮೂರಕ್ಕೆ ಕಾಲು ಭಾಗ, ಇವತ್ತೇ ಇನ್‌ವಾಯ್ಸ್ ಕಳಿಸಿ. ಗಲಾಟೆ ಜೋರಾಗಿ, ಕಂಪನಿ ಅದೇ ತಿಂಗಳ 27ಕ್ಕೆ ಹಿಂದೆ ಸರಿದು ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅನ್ನೋ, ಯಾರು ಬೇಕಾದರೂ ಬಳಸಬಹುದಾದ ಲೈಸೆನ್ಸ್‌ಗೆ ಬಿಟ್ಟಿತು. ಪುಸ್ತಕ ಮತ್ತೆ ಎದ್ದಿತು. ಆ ಕಾಲು ಭಾಗವನ್ನು ಅವರು ಕೊನೆಯ ಬಿಲ್‌ನಲ್ಲಿ ಕಳೆದುಕೊಂಡರು. ಅಗ್ರಿಮೆಂಟಿನಲ್ಲಿ ಹಾಗೇ ಇತ್ತು, ಅದೂ ಸರಿ.

ದುಡ್ಡು ಕೈಗೆ ಬರುವ ವಿಷಯ ಬೇಗ ಮುಗಿಸುತ್ತೇನೆ. ಪೇಪಾಲ್‌ನಲ್ಲಿ 75 ಪೌಂಡ್ ಕಳಿಸಿದರೆ ಶುಲ್ಕ ಮತ್ತು ವಿನಿಮಯದಲ್ಲಿ ಹಿಡಿಯುವುದು ಎಲ್ಲ ಕಳೆದು ನನಗೆ 69ರ ಸುತ್ತಮುತ್ತ ಬರುತ್ತೆ, ರೇಟು ಹೇಳುವಾಗಲೇ ಅದನ್ನು ಸೇರಿಸಿಕೊಳ್ಳಿ. ಅಮೆರಿಕದವರು ಡಬ್ಲ್ಯೂ-8ಬೆನ್ ಅಂತ ಒಂದು ಫಾರಂ ಕೇಳುತ್ತಾರೆ, ಹೆದರಬೇಡಿ, ನೀವು ಅಲ್ಲಿಯವರಲ್ಲ ಅಂತ ಬರೆದುಕೊಡುವ ಕಾಗದ ಅದು. ಹಣ ಹೊರದೇಶದಿಂದ ಬಂದಿದ್ದಕ್ಕೆ ಸಿಗುವ ದಾಖಲೆಯನ್ನು ಪ್ರತಿ ಸಲ ಇಳಿಸಿ ಇಟ್ಟುಕೊಳ್ಳಿ, ಮಾರ್ಚ್‌ನಲ್ಲಿ ಆಡಿಟರ್ ಕೇಳ್ತಾರೆ. ಇನ್ನೊಂದು ಮಾತು: ಇದರಿಂದಲೇ ಮನೆ ನಡೆಯುತ್ತೆ ಅಂದುಕೊಳ್ಳಬೇಡಿ. ಎಷ್ಟೇ ಪ್ರಾಮಾಣಿಕರಾದರೂ ಸಣ್ಣ ಪ್ರಕಾಶಕರ ರೇಟು ಸಣ್ಣದೇ. ನನ್ನ ಬಾಡಿಗೆ ಕಟ್ಟೋದು ಶಾಲೆ ಪುಸ್ತಕದ ಚಿತ್ರಗಳು.

ನನ್ನ ತಪ್ಪನ್ನೂ ಹೇಳಬೇಕು. 2022ರ ಜುಲೈನಲ್ಲಿ ಊರಿಗೆ ಹೋಗಿದ್ದೆ, ಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ನಾಲ್ಕು ದಿನ ಬರಲಿಲ್ಲ. ವೇಲ್ಸ್‌ನವರ ಎರಡನೇ ಪುಸ್ತಕದ ಮುಖಪುಟ ಕೊಡಬೇಕಿದ್ದ ವಾರ ಅದು. ಆ ವರ್ಷ ಝೀನ್ ಕ್ವೆಸ್ಟನ್ನು ಫೆಬ್ರವರಿಯಿಂದ ಆಗಸ್ಟ್‌ಗೆ ಹಾಕಿದ್ದರು, ಅವರು ಅದಕ್ಕೇ ತಯಾರಾಗುತ್ತಿದ್ದರು. ಗುಡ್ಡ ಹತ್ತಿದರೆ ಮೊಬೈಲ್‌ಗೆ ಸಿಗ್ನಲ್ ಸಿಗುತ್ತಿತ್ತು, ಎರಡು ಸಾಲು ಮೇಲ್ ಹಾಕಬಹುದಿತ್ತು. ಹಾಕಲಿಲ್ಲ. ಮುಗಿಸಿಯೇ ಹೇಳೋಣ, ಬೈಗುಳ ತಪ್ಪುತ್ತೆ ಅಂತ. ಒಂಬತ್ತು ದಿನ ತಡವಾಗಿ ಕಳಿಸಿದೆ. ಅವರು ಚಿತ್ರ ಚೆನ್ನಾಗಿದೆ ಅಂದರು, ದುಡ್ಡೂ ಪೂರ್ತಿ ಹಾಕಿದರು. ಕೊನೆಗೆ ಒಂದು ಸಾಲು: ಮೊದಲ ದಿನವೇ ಗೊತ್ತಾಗಿದ್ದರೆ ಪ್ರೆಸ್‌ನವರಿಗೆ ಹೇಳಿ ದಿನ ಬದಲಾಯಿಸುತ್ತಿದ್ದೆ, ಈಗ ನಮ್ಮ ಸರದಿ ಹೋಯಿತು. ಹನ್ನೊಂದು ಚಿತ್ರದವರು ನನಗೆ ಮಾಡಿದ್ದನ್ನೇ ನಾನು ಇವರಿಗೆ ಮಾಡಿದ್ದೆ, ಅಳತೆ ಮಾತ್ರ ಬೇರೆ. ಮೇಲ್ ಓದಿ ಆ ರಾತ್ರಿ ಊಟ ಸೇರಲಿಲ್ಲ.

ಮೂರನೇ ಪುಸ್ತಕಕ್ಕೂ ಅವರು ನನ್ನನ್ನೇ ಕರೆದರು. ಹೋದ ವಾರ ಮತ್ತೆ ಮೇಲ್ ಬಂತು. ಈ ವರ್ಷ ಪುಸ್ತಕ ಇಲ್ಲ, ಮನೆಯ ಛಾವಣಿ ರಿಪೇರಿಗೆ ದುಡ್ಡು ಹೋಗಿದೆ, ನನಗಾಗಿ ದಿನ ಇಟ್ಟುಕೊಂಡು ಕಾಯಬೇಡಿ ಅಂತ. ಅವರಿಗಾಗಿ ಇಟ್ಟಿದ್ದ ಎರಡು ವಾರಕ್ಕೆ ಸಾಗರದ ಒಂದು ಶಾಲೆಯ ಗೋಡೆ ಚಿತ್ರ ಒಪ್ಪಿಕೊಂಡಿದ್ದೇನೆ. ಮಕ್ಕಳು ಹರಿಗೋಲೇ ಬೇಕು ಅಂತಿದ್ದಾರೆ.