ಸುಲಿಯುವವರು, ಬೇಯಿಸುವವರು: ಅಡಿಕೆ ಕಣದಲ್ಲಿ ನನ್ನ ಅನುಭವ

ಚನ್ನಗಿರಿ ತಾಲ್ಲೂಕಿನಲ್ಲಿ ತೋಟಗಳನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದು ಹಸಿ ಅಡಿಕೆ ಸಂಸ್ಕರಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಮರ ಹತ್ತುವ ಕೊನೆಗಾರರು ಇಳಿಸಿದ ಗೊನೆ ಬೇಗನೆ ಸುಲಿಯುವವರ ಕೈಗೆ ಬರಬೇಕು, ಸುಲಿದದ್ದು ತಡವಾಗದೆ ಚೊಗರಿನ (ಅಡಿಕೆ ಬೆಂದ ಕೆಂಪು ರಸದ) ಹಂಡೆಗೆ ಬೀಳಬೇಕು, ಬೆಂದದ್ದು ಕಣದಲ್ಲಿ ಐದಾರು ಒಳ್ಳೆಯ ಬಿಸಿಲು ಕಾಣಬೇಕು. ಹೀಗೆ ಒಬ್ಬರ ಕೆಲಸ ಮುಗಿದಲ್ಲಿ ಇನ್ನೊಬ್ಬರದು ಆರಂಭವಾಗುವುದನ್ನು ಸಂಸ್ಥೆಗಳ ಅಧ್ಯಯನಕಾರ ಜೇಮ್ಸ್ ಥಾಮ್ಸನ್ 1967ರಲ್ಲಿಯೇ ಅವಲಂಬನೆಯ ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿದ್ದರು ಎಂಬುದು, ದಾವಣಗೆರೆಯಲ್ಲಿ ಎಂಬಿಎ ಓದುತ್ತಿದ್ದ ಮಗಳಿಂದ ನನಗೆ ತಿಳಿಯಿತು.

ನಾಲ್ಕು ವರ್ಷಗಳ ಹಿಂದಿನ ಸುಗ್ಗಿಯಲ್ಲಿ ಈ ಸರಪಳಿ ಕಳಚಿತು. ಸುಲಿಯುವ ಹೆಂಗಸರಿಗೆ ಕಿಲೋ ಲೆಕ್ಕದ ಕೂಲಿ, ಬೇಯಿಸುವವರಿಗೆ ದಿನಗೂಲಿ. ಅವಸರದಲ್ಲಿ ಸುಲಿದ ರಾಶಿಯಲ್ಲಿ ಸಿಪ್ಪೆಯ ತುಣುಕೂ ಹಣ್ಣಡಿಕೆಯೂ ಸೇರಿ ಬರುತ್ತಿದ್ದವು. ಎಳೆಯದರ ಹದ ಬೇರೆ, ಬಲಿತದ್ದರ ಹದ ಬೇರೆ. ಎರಡೂ ಒಂದೇ ಹಂಡೆಗೆ ಬಿದ್ದರೆ ಬಣ್ಣ ಒಂದೇ ಸಮ ಬರುವುದಿಲ್ಲ, ಅಡಿಕೆ ವ್ಯಾಪಾರದ ಊರಾದ ಭೀಮಸಮುದ್ರದ ವ್ಯಾಪಾರಿ ಕೈಗೆತ್ತಿಕೊಂಡ ಕೂಡಲೇ ದರ ಇಳಿಸುತ್ತಾನೆ. ಸುಲಿಯುವವರಿಗೂ ಬೇಯಿಸುವವರಿಗೂ ಜಗಳ ಹತ್ತಿತು. ಮೊದಲ ವಾರ ಮಾತು ಅಡಿಕೆಯ ಬಗ್ಗೆಯೇ ಇತ್ತು. ಎರಡನೆಯ ವಾರದ ಹೊತ್ತಿಗೆ ಅದು ಮನೆತನದವರೆಗೆ ಹೋಗಿ, ಹೆಂಗಸರನ್ನು ‘ಅಕ್ಕ’ ಎಂದು ಕರೆಯುತ್ತಿದ್ದ ಹಂಡೆಯ ಹುಡುಗರು ಹೆಸರು ಹಿಡಿದು ಏಕವಚನದಲ್ಲಿ ಮಾತಾಡತೊಡಗಿದರು. ಆ ಮೇಲೆ ಹಂಡೆಯ ಉರಿ ಹೆಚ್ಚಾದರೂ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅದು ನನಗೆ ಜಗಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನಾನು ಮಾಡಿದ ಮೊದಲ ಉಪಾಯ ತಪ್ಪಾಗಿತ್ತು. ಕೂಲಿಯ ಒಂದು ಭಾಗವನ್ನು ಕಿಲೋ ಲೆಕ್ಕದಲ್ಲಿ ಉಳಿಸಿ, ಇನ್ನೊಂದು ಭಾಗವನ್ನು ಒಣಗಿದ ಮಾಲಿನ ಮೇಲೆ ಎಲ್ಲರಿಗೂ ಹಂಚಿದೆ. ಒಗ್ಗಟ್ಟು ಬರುವುದರ ಬದಲು, ಪಾಲು ಕಡಿಮೆಯಾದದ್ದು ಯಾರಿಂದ ಎಂಬ ಹೊಸ ವಾದ ಹುಟ್ಟಿತು. ರೂತ್ ವೇಗ್‌ಮನ್ ಅವರು ಝೆರಾಕ್ಸ್ ಕಂಪನಿಯ ದುರಸ್ತಿ ತಂಡಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸುತ್ತದೆ: ಪೂರ್ತಿ ಒಂಟಿಯಾಗಿ ಅಥವಾ ಪೂರ್ತಿ ಒಟ್ಟಾಗಿ ದುಡಿದ ತಂಡಗಳು ಚೆನ್ನಾಗಿ ನಡೆದವು, ಎರಡನ್ನೂ ಬೆರೆಸಿದವು ಹಿಂದೆ ಬಿದ್ದವು.

ಮರುವರ್ಷ ಕೆಲಸವನ್ನೇ ಬೇರ್ಪಡಿಸಿದೆ. ಸುಲಿಯುವುದು ಒಬ್ಬೊಬ್ಬರ ಕತ್ತಿಯ ಕೆಲಸವಾದ್ದರಿಂದ, ಹಣ್ಣಡಿಕೆಯನ್ನು ಮೊದಲೇ ಆರಿಸಿ ತೆಗೆದು, ಶುಚಿಯಾಗಿ ಸುಲಿದದ್ದನ್ನು ಮಾತ್ರ ತೂಗಿ ಅವರವರಿಗೆ ಕೂಲಿ ಕೊಟ್ಟೆ. ಬೇಯಿಸುವ ಮತ್ತು ಒಣಗಿಸುವ ಕೆಲಸ ಕೂಡಿಯೇ ಆಗಬೇಕಾದದ್ದು. ಅವರಿಗೆ ಒಣಗಿದ ಮೂಟೆಯ ಲೆಕ್ಕದಲ್ಲಿ ಒಟ್ಟಿಗೆ ಕೊಟ್ಟೆ.

ಉಳಿದದ್ದು ರಾಶಿ ಕೈ ಬದಲಾಗುವ ಆ ಹೊತ್ತು. ಕರೆನ್ ಜೇನ್ ಅವರ 1995ರ ಅಧ್ಯಯನದ ಪ್ರಕಾರ, ದಿನವೂ ಒಂದೇ ರೀತಿ ನಡೆಯುವ ಕೆಲಸದಲ್ಲಿ ಕೆಲಸದ ಕುರಿತ ಭಿನ್ನಾಭಿಪ್ರಾಯವೂ ಹಾನಿ ಮಾಡುತ್ತದೆ, ಬದಲಾಗುತ್ತಿರುವ ಕೆಲಸದಲ್ಲಿ ಹಾಗೆಯೇ ಆಗಬೇಕೆಂದಿಲ್ಲ. ಸುಲಿಯುವ ರೀತಿಯಲ್ಲಿ ಚರ್ಚಿಸುವಂಥದ್ದೇನೂ ಇಲ್ಲ, ಆದರೆ ಹದ ತೋಟದಿಂದ ತೋಟಕ್ಕೆ ಬದಲಾಗುತ್ತದೆ. ಆದ್ದರಿಂದ ಹಿರಿಯ ಹೆಂಗಸೊಬ್ಬರು ಮತ್ತು ಹಂಡೆ ನೋಡುವವನು ರಾಶಿಯ ಮುಂದೆ ಕುಳಿತು, ಒಂದೆರಡು ಅಡಿಕೆ ಕತ್ತರಿಸಿ ನೋಡಿ, ಅಲ್ಲಿಯೇ ವಾದಿಸಿ ತೀರ್ಮಾನಿಸುವ ಕ್ರಮ ತಂದೆ. “ಅಕ್ಕಾ, ಈ ಬುಟ್ಟಿ ಇನ್ನೊಮ್ಮೆ ಆರಿಸಿಸಿ” ಎಂಬ ಮಾತು ಈಗ ಅಲ್ಲಿಗೇ ಮುಗಿಯುತ್ತದೆ.

ಮಳೆ ಹಿಡಿದ ದಿನಗಳಿಗೆ ಮಾತ್ರ ಇದು ಸಾಲುತ್ತಿಲ್ಲ. ಕಣ ಖಾಲಿಯಾಗದೆ ಹಂಡೆ ನಿಲ್ಲುತ್ತದೆ, ಹಂಡೆ ನಿಂತರೆ ಸುಲಿಯುವವರ ಕೈ ಬರಿದಾಗುತ್ತದೆ. ಆ ದಿನಗಳ ಕೂಲಿಯನ್ನು ಹೇಗೆ ಲೆಕ್ಕ ಹಾಕಬೇಕೆಂದು ಈ ಸುಗ್ಗಿಗೆ ಮೊದಲೇ ಅವರೆಲ್ಲರನ್ನೂ ಕೂರಿಸಿ ಕೇಳಲಿದ್ದೇನೆ.