ಕೋಣೆಯೊಳಗಿನ ಸಸಿಗೆ ತೂಕ ನೋಡಿ ನೀರು: ನನ್ನ ಅನುಭವ

ಕಳೆದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಿಂದ ಸುಮಾರು ನಾನೂರು ದಪ್ಪ ಮೆಣಸಿನಕಾಯಿ ಸಸಿಗಳು, ಇನ್ನೂರರ ಆಸುಪಾಸು ಟೊಮೆಟೊ ಮತ್ತು ನೂರರಷ್ಟು ಈರನಗೆರೆ ಬದನೆ ಸಸಿಗಳು ನಾಟಿಗೆ ಹೋದವು. ಮೊಳೆತದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಉಳಿದವು. ಅದಕ್ಕೆ ಹಿಂದಿನ ಎರಡು ಬೇಸಿಗೆಗಳಲ್ಲಿ ಅದೇ ಕೋಣೆ, ಅದೇ ಎಲ್‌ಇಡಿ ಪಟ್ಟಿಗಳು, ಬಹುಮಟ್ಟಿಗೆ ಅದೇ ಮಿಶ್ರಣ ಇದ್ದರೂ ಅರ್ಧದಷ್ಟು ಸಸಿಗಳೂ ಕೈಗೆ ಹತ್ತಿರಲಿಲ್ಲ. ನಡುವೆ ಮುಖ್ಯವಾಗಿ ಬದಲಾದದ್ದು ನೀರು ಹಾಕುವ ಕ್ರಮ. ಬೀಜೋಪಚಾರ, ದೀಪದ ಎತ್ತರ, ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ತುಂಬುವುದು ಇವೆಲ್ಲ ತಿಳಿದಿರುವವರಿಗೆಂದೇ ಬರೆಯುತ್ತಿರುವುದರಿಂದ ಆ ವಿಷಯಗಳನ್ನು ಬಿಟ್ಟು ನೀರಿನ ಮಾತನ್ನಷ್ಟೇ ಹೇಳುತ್ತೇನೆ.

ಮನೆಯೊಳಗೇ ಏಕೆ ಎಂದು ಕೇಳುವವರಿಗೆ ಉತ್ತರ ಬಿಳಿನೊಣ. ಟೊಮೆಟೊ ಮತ್ತು ಮೆಣಸಿನ ಎಲೆ ಮುರುಟುವ ನಂಜನ್ನು ಹರಡುವುದು ಅದೇ. ಎಳೆಯ ಸಸಿಗೆ ಆ ನಂಜು ತಗುಲಿದರೆ ಮುಂದೆ ಯಾವ ಔಷಧಿ ಹೊಡೆದರೂ ಗಿಡ ಚೇತರಿಸಿಕೊಳ್ಳುವುದಿಲ್ಲ. ತಾರಸಿಯ ಮೇಲೆ ನೆರಳು ಬಲೆ ಕಟ್ಟಿ ಒಟ್ಲು (ಸಸಿಮಡಿ) ಬಿಟ್ಟಾಗ ಕೋತಿಗಳ ಕಾಟವೂ ಇತ್ತು, ಏಪ್ರಿಲಿನ ಆಲಿಕಲ್ಲು ಮಳೆಯೂ ಇತ್ತು. ಪಾಂಡವಪುರದ ಕಡೆ ಪಾಲಿಹೌಸ್ ಮಾಡಿರುವ ನನ್ನ ಭಾವಮೈದುನ ಮಾತ್ರ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದ: "ಬುಡಿ ಭಾವ, ರೂಮೊಳಗೆಲ್ಲ ಪೈರು ಆಗಾಕಿಲ್ಲ." ಕಳೆದ ಬೇಸಿಗೆಯ ದಪ್ಪ ಮೆಣಸಿನಕಾಯಿ ಸಸಿಗಳಲ್ಲಿ ಮುಕ್ಕಾಲು ಪಾಲು ಈಗ ಅವನ ಪಾಲಿಹೌಸಿನಲ್ಲಿಯೇ ಇವೆ ಎಂಬುದನ್ನು ಇಲ್ಲಿ ದಾಖಲಿಸುವುದಕ್ಕೆ ನನಗೆ ಸಂಕೋಚವಿಲ್ಲ.

ಮೊದಲ ಎರಡು ಬೇಸಿಗೆಗಳಲ್ಲಿ ನಡೆದದ್ದು ಎಲ್ಲರೂ ಮಾಡುವ ಕ್ರಮ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸ್ಪ್ರೇ ಬಾಟಲಿಯಿಂದ ಮೇಲೆ ನೀರು ಚಿಮುಕಿಸುವುದು. ಮೇಲ್ಪದರ ಒಣಗಿದಂತೆ ಕಂಡರೆ ಮಧ್ಯಾಹ್ನ ಇನ್ನೊಮ್ಮೆ. ಹೊರಗಿನ ಒಟ್ಲಿಗೆ ಇದು ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಬಿಸಿಲು ಮತ್ತು ಗಾಳಿ ಹಾಕಿದ ನೀರನ್ನು ಅಂದೇ ಎಳೆದುಬಿಡುತ್ತವೆ. ಕೋಣೆಯಲ್ಲಿ ಹಾಗಿಲ್ಲ. ಮೇಲಿನ ಅರ್ಧ ಇಂಚು ದೀಪದ ಕಾವಿಗೆ ಬೇಗ ಒಣಗಿ ಬಣ್ಣ ತಿಳಿಯಾಗುತ್ತದೆ, ಆದರೆ ಸಸಿ ಬೆಳೆಸುವ ಲೋಟದ ತಳ ನಾಲ್ಕು ದಿನವಾದರೂ ತೊಯ್ದೇ ಇರುತ್ತದೆ. ಮೇಲಿನ ಬಣ್ಣವನ್ನು ನಂಬಿ ಮತ್ತೆ ಹಾಕಿದ ನೀರೆಲ್ಲ ತಳದಲ್ಲಿ ನಿಂತು ಗಾಳಿಯಾಡುವ ಜಾಗವನ್ನು ತುಂಬುತ್ತದೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆಗೆ ಮಲಗಿರುತ್ತದೆ. ಕೈಯಲ್ಲಿ ಎತ್ತಿ ನೋಡಿದರೆ ಮಣ್ಣಿಗೆ ತಾಗುವ ಕಡೆ ಕಾಂಡ ನೀರು ತುಂಬಿದಂತೆ ಮೆತ್ತಗಾಗಿ ದಾರದಷ್ಟು ಸಣ್ಣಗೆ ಕುಗ್ಗಿರುತ್ತದೆ, ಬೀಜದೆಲೆಗಳು ಮಾತ್ರ ಇನ್ನೂ ಹಸಿರಾಗಿಯೇ ಇರುತ್ತವೆ. ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಈ ಕಾಟ ಒಂದು ಮೂಲೆಯಲ್ಲಿ ಹಿಡಿದರೆ ಎರಡು ಮೂರು ದಿನದಲ್ಲಿ ಇಡೀ ತಟ್ಟೆಗೆ ಹಬ್ಬುತ್ತದೆ.

ಇದರ ನಷ್ಟವನ್ನು ರೂಪಾಯಿಯಲ್ಲಿ ಹೇಳಿದರೆ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ. ಬಣ್ಣದ ದಪ್ಪ ಮೆಣಸಿನಕಾಯಿಯ ಹೈಬ್ರಿಡ್ ಬೀಜಕ್ಕೆ ನಾನು ತೆತ್ತದ್ದು ಒಂದಕ್ಕೆ ಆರೇಳು ರೂಪಾಯಿಯಂತೆ. ಎರಡನೆಯ ಬೇಸಿಗೆಯಲ್ಲಿ ಬೀಜದ ಲೆಕ್ಕದಲ್ಲಿಯೇ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಕೊಳೆತುಹೋಯಿತು. ಅದನ್ನು ತಡೆಯಲು ಕಾಪರ್ ಆಕ್ಸಿಕ್ಲೋರೈಡ್, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಯಾರೋ ಹೇಳಿದ ದಾಲ್ಚಿನ್ನಿ ಪುಡಿ ಎಂದು ಇನ್ನೂ ಏಳೆಂಟು ನೂರು ಖರ್ಚಾಯಿತು. ತಾಮ್ರದ ಔಷಧಿಯನ್ನು ಲೀಟರಿಗೆ ಮೂರು ಗ್ರಾಂನಂತೆ ಬುಡಕ್ಕೆ ಸುರಿದಾಗ ರೋಗ ಹರಡುವುದು ಕೆಲವು ದಿನ ನಿಂತದ್ದು ನಿಜ, ಆದರೆ ಆ ಔಷಧಿಯ ನೆಪದಲ್ಲಿ ಇನ್ನಷ್ಟು ನೀರು ಒಳಗೆ ಹೋಗುತ್ತಿತ್ತು. ಟ್ರೈಕೋಡರ್ಮಾ ಒಳ್ಳೆಯದೇ, ಈಗಲೂ ಬಳಸುತ್ತೇನೆ. ನಿಂತ ನೀರಿನ ಎದುರು ಮಾತ್ರ ಅದರ ಆಟ ನಡೆಯುವುದಿಲ್ಲ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿದುಹೋಗುತ್ತದೆ ಎಂದು ನಮ್ಮ ಬೀದಿಯಲ್ಲಿ ಕುಂಡ ಇಟ್ಟವರೆಲ್ಲ ಹೇಳುತ್ತಾರೆ. ಇದನ್ನೂ ನೋಡಿಯೇ ಬಿಡೋಣ ಎಂದು ಒಂದು ಸಾಲು ಲೋಟಗಳಿಗೆ ಒಂದು ಇಂಚು ಸಣ್ಣ ಜಲ್ಲಿ, ಇನ್ನೊಂದು ಸಾಲಿಗೆ ಹೆಂಚಿನ ಚೂರು, ಮತ್ತೊಂದಕ್ಕೆ ಏನೂ ಇಲ್ಲದೆ ಬರೀ ಮಿಶ್ರಣ ತುಂಬಿ ಒಂದೇ ಅಳತೆಯ ನೀರು ಕೊಟ್ಟೆ. ಜಲ್ಲಿ ಹಾಕಿದ ಸಾಲೇ ಮೊದಲು ಕೊಳೆಯಿತು. ನುಣುಪಾದ ತೆಂಗಿನ ನಾರಿನ ಪುಡಿ ತನ್ನೊಳಗಿನ ನೀರನ್ನು ದೊಡ್ಡ ಸಂದುಗಳಿರುವ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ತಳದಲ್ಲಿ ನಿಲ್ಲುವ ತೊಯ್ದ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಅಂದಿನಿಂದ ಜಲ್ಲಿಯನ್ನು ಕೈಬಿಟ್ಟು, ಗಿಡ್ಡ ಅಗಲ ಲೋಟಗಳ ಬದಲು ಎತ್ತರದ ಕಿರಿದಾದ 250 ಮಿ.ಲೀ. ಲೋಟಗಳಿಗೆ ಬಂದೆ. ತೊಯ್ದ ಪದರದ ದಪ್ಪ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಎತ್ತರದ ಲೋಟದಲ್ಲಿ ಅದರ ಮೇಲೆ ಬೇರಿಗೆ ಉಸಿರಾಡುವ ಜಾಗ ಹೆಚ್ಚು ಸಿಗುತ್ತದೆ. ತಳದಲ್ಲಿ ಐದಾರು ತೂತು, ಪಕ್ಕದಲ್ಲಿ ಬುಡಕ್ಕೆ ಹತ್ತಿರ ಇನ್ನು ನಾಲ್ಕು; ಕಾದ ಮೊಳೆಯಿಂದ ಮಾಡಿಕೊಳ್ಳುತ್ತೇನೆ.

ಈಗ ತೂಕದ ವಿಷಯ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು, ನಾನೂರು ರೂಪಾಯಿಯೊಳಗೆ ಸಿಗುತ್ತದೆ. ತೇವ ತೋರಿಸುವ ಎರಡು ಮುಳ್ಳಿನ ಮೀಟರನ್ನೂ ಕೊಂಡಿದ್ದೆ. ಅದು ತೆಂಗಿನ ನಾರಿನಲ್ಲಿ ತೇವಕ್ಕಿಂತ ಹೆಚ್ಚಾಗಿ ಉಪ್ಪನ್ನೇ ಅಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ, ಈಗ ಡ್ರಾಯರಿನಲ್ಲಿದೆ. ಮೂರು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿದ ನನ್ನ ಮಿಶ್ರಣ ತುಂಬಿದ ಲೋಟ ಪೂರ್ತಿ ನೀರು ಕುಡಿದು, ಬಸಿಯುವುದೆಲ್ಲ ಬಸಿದ ಮೇಲೆ 200 ಗ್ರಾಂ ಆಜುಬಾಜು ತೂಗುತ್ತದೆ. ಅದೇ ಲೋಟ ಪೂರ್ತಿ ಒಣಗಿದಾಗ 50 ಗ್ರಾಂ ಅಥವಾ ಸ್ವಲ್ಪ ಹೆಚ್ಚು. ಇವೆರಡರ ನಡುವೆ 120ರ ಸಮೀಪಕ್ಕೆ ಇಳಿಯುವವರೆಗೆ ನೀರಿನ ತಂಟೆಗೇ ಹೋಗುವುದಿಲ್ಲ. ನಿಮ್ಮ ಮಿಶ್ರಣ ಬೇರೆಯಾದರೆ ಅಂಕಿಗಳೂ ಬೇರೆಯಾಗುತ್ತವೆ. ತೊಯ್ದ ತೂಕ ಮತ್ತು ಒಣ ತೂಕ ಎರಡನ್ನೂ ಒಮ್ಮೆ ನೋಡಿಕೊಂಡು ನಡುವಿನ ಅರ್ಧಕ್ಕೆ ಗೆರೆ ಎಳೆದುಕೊಂಡರೆ ಸಾಕು. ಎಲ್ಲ ಲೋಟಗಳನ್ನೂ ತೂಗಬೇಕಾಗಿಲ್ಲ. ಪ್ರತಿ ತಟ್ಟೆಯಲ್ಲಿ ಮೂಲೆಯದೊಂದು, ನಡುವಿನದೊಂದು ಲೋಟಕ್ಕೆ ಬಣ್ಣದ ಟೇಪು ಸುತ್ತಿರುತ್ತೇನೆ, ಅವೆರಡನ್ನು ಮಾತ್ರ ತೂಗುತ್ತೇನೆ. ಮೂಲೆಯ ಲೋಟ ಸದಾ ಬೇಗ ಒಣಗುತ್ತದೆ. ಒಂದು ತಿಂಗಳಾಗುವಷ್ಟರಲ್ಲಿ ಕೈಯೇ ತಕ್ಕಡಿಯಾಗುತ್ತದೆ, ಲೋಟ ಎತ್ತಿದ ಕೂಡಲೇ ಗೊತ್ತಾಗುತ್ತದೆ.

ಬೀಜದೆಲೆಯ ಹಂತದಲ್ಲಿ ಒಂದು ಲೋಟ ದಿನಕ್ಕೆ ಐದಾರು ಮಿ.ಲೀ.ಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ, ಅದರಲ್ಲೂ ಹೆಚ್ಚಿನದು ಮಣ್ಣಿನಿಂದ ಆರಿಹೋಗುವುದೇ ಹೊರತು ಸಸಿ ಕುಡಿದದ್ದಲ್ಲ. ಆಗ ವಾರಕ್ಕೂ ಮೀರಿ ನೀರೇ ಬೇಡ, ಕೆಲವೊಮ್ಮೆ ಹತ್ತು ಹನ್ನೆರಡು ದಿನ. ಎಲ್ಲರೂ ಅನುಮಾನಪಟ್ಟದ್ದು ಈ ಅಂತರವನ್ನೇ. ನಮ್ಮ ಮನೆಯವರೇ ಮರುಕಪಟ್ಟು ಒಂದು ತಟ್ಟೆಗೆ ಚೊಂಬಿನಲ್ಲಿ ನೀರು ಹಾಕಿದ್ದರು, ಆ ಬೇಸಿಗೆಯಲ್ಲಿ ಕೊಳೆ ರೋಗ ಕಾಣಿಸಿಕೊಂಡದ್ದು ಆ ತಟ್ಟೆಯಲ್ಲಿ ಮಾತ್ರ. ನಾಲ್ಕೈದು ಎಲೆ ಬಂದ ಮೇಲೆ ದಿನಕ್ಕೆ ಹದಿನೈದು ಇಪ್ಪತ್ತು, ನಾಟಿಯ ಹೊತ್ತಿಗೆ ಮೂವತ್ತು ನಲವತ್ತು ಮಿ.ಲೀ.ವರೆಗೂ ಎಳೆಯುತ್ತದೆ, ಆಗ ಎರಡು ದಿನಕ್ಕೊಮ್ಮೆ ಕೊಡಬೇಕಾಗುತ್ತದೆ. ದಿನ ಎಣಿಸಿ ನೀರು ಹಾಕುವವರು ಎರಡೂ ತುದಿಯಲ್ಲಿ ಕೆಡುವುದು ಇದೇ ಕಾರಣಕ್ಕೆ.

ಕೊಡುವುದು ಕೆಳಗಿನಿಂದ. ಅಂಚಿರುವ ತಟ್ಟೆಯಲ್ಲಿ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರು ಸುರಿದು ಲೋಟಗಳನ್ನು ಅದರಲ್ಲಿ ನಿಲ್ಲಿಸುತ್ತೇನೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲ್ಪದರದ ತಿಳಿ ಕಂದು ಬಣ್ಣ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬರುತ್ತದೆ. ಪೂರ್ತಿ ಕಪ್ಪಾಗಲು ಬಿಡಬಾರದು; ನಡುವೆ ಕಾಂಡದ ಸುತ್ತ ರೂಪಾಯಿ ನಾಣ್ಯದಷ್ಟು ಒಣ ಜಾಗ ಉಳಿದಿರುವಾಗಲೇ ಲೋಟವನ್ನು ಎತ್ತಿ ತಂತಿ ಜಾಲರಿಯ ಮೇಲೆ ಇಟ್ಟುಬಿಡಬೇಕು. ಕಾಂಡದ ಬುಡ ಒಣಗಿದ್ದರೆ ಕೊಳೆಗೆ ದಾರಿಯಿಲ್ಲ. ಲೋಟಗಳನ್ನು ನೀರಿನಲ್ಲೇ ಬಿಟ್ಟು ಪೇಟೆಗೆ ಹೋದರೆ ಈ ಕ್ರಮದಿಂದ ಯಾವ ಪ್ರಯೋಜನವೂ ಇಲ್ಲ, ಮೇಲಿನಿಂದ ಹಾಕುವುದಕ್ಕಿಂತಲೂ ಬೇಗ ಕೆಡುತ್ತದೆ. ದೀಪ ಹತ್ತಿದ ಒಂದು ಗಂಟೆಯೊಳಗೆ ನೀರಿನ ಕೆಲಸ ಮುಗಿಸುತ್ತೇನೆ, ಸಂಜೆ ಎಂದೂ ಇಲ್ಲ. ಕೆಳಗಿನಿಂದಲೇ ಕೊಡುತ್ತಿದ್ದರೆ ಉಪ್ಪು ಮೇಲಕ್ಕೆ ಬಂದು ಕೂರುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ಮೂರು ನಾಲ್ಕು ಸಲಕ್ಕೊಮ್ಮೆ ಲೋಟದ ಅಂಚಿನ ಸುತ್ತ ಮೇಲಿನಿಂದ ನಿಧಾನವಾಗಿ ಸುರಿದು ಕೆಳಗೆ ಬಸಿಯುವಂತೆ ಮಾಡಿ, ಬಸಿದ ನೀರನ್ನು ಚೆಲ್ಲುತ್ತೇನೆ.

ಉಪ್ಪಿನ ಮಾತು ಬಂದದ್ದರಿಂದ ಯಾವ ನೀರು ಎಂಬುದನ್ನೂ ಹೇಳಬೇಕು. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರು ಸಸಿಗೆ ಬಹಳ ಒಳ್ಳೆಯದು. ನಮ್ಮ ಮನೆಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಅಳೆಯುವ ಮೀಟರು ಇನ್ನೂರರ ಒಳಗೇ ತೋರಿಸುತ್ತದೆ, ಪಕ್ಕದ ಮನೆಯ ಕೊಳವೆ ಬಾವಿಯ ನೀರು ಎಂಟುನೂರನ್ನು ದಾಟುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಸಸಿಗೆ ಹಾಕುವವರು ಬಹಳ ಮಂದಿ ಇದ್ದಾರೆ. ಯಂತ್ರ ಒಂದು ಕಡೆ ತೆಗೆದ ಲವಣವೆಲ್ಲ ಇನ್ನೊಂದು ಕಡೆಯ ನೀರಿನಲ್ಲಿ ಸೇರಿರುತ್ತದೆ. ಅದು ನೆಲ ಒರೆಸುವುದಕ್ಕೆ ಇರಲಿ. ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ಬಿಸಿ ನೀರನ್ನೂ ನೇರವಾಗಿ ಕೊಡಬಾರದು. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ತುಂಬಿ ಕೋಣೆಯಲ್ಲೇ ಇಟ್ಟಿರುತ್ತೇನೆ. ಕ್ಲೋರಿನ್ ಹೋಗಲೆಂದು ಹಾಗೆ ಮಾಡುವುದು ಎನ್ನುತ್ತಾರೆ, ನನಗೆ ಮುಖ್ಯವಾದದ್ದು ನೀರು ಕೋಣೆಯ ಕಾವಿಗೆ ಬರುವುದು.

ಕೋಕೋಪೀಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಐದು ಕಿಲೋ ಇಟ್ಟಿಗೆಯನ್ನು ನೆನೆಸಿ ಹಿಂಡಿದ ಮೊದಲ ನೀರಿನ ಟಿಡಿಎಸ್ ಸಾವಿರವನ್ನು ಮೀರಿದ್ದೂ ಉಂಟು. ಒಂದು ಅಂಗಡಿಯವರು ತೊಳೆದದ್ದೇ ಎಂದು ಆಣೆ ಮಾಡಿ ಕೊಟ್ಟ ಮಾಲು ಅದು. ಮೂರು ಸಲ ತೊಳೆದು, ಕೊನೆಯ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ರಾತ್ರಿ ನೆನೆಸುತ್ತೇನೆ. ನಾರಿಗೆ ಅಂಟಿಕೊಂಡ ಸೋಡಿಯಂ ಮತ್ತು ಪೊಟ್ಯಾಸಿಯಂ ಕಳಚಿಕೊಳ್ಳುವುದು ಬರೀ ನೀರಿನಿಂದಲ್ಲ, ಕ್ಯಾಲ್ಸಿಯಂನಿಂದ. ಎಷ್ಟು ಗ್ರಾಂ, ಅದರ ಜೊತೆಗೆ ಇನ್ನೇನು ಬೆರೆಸುತ್ತೇನೆ ಎಂಬುದನ್ನು ಭಾವಮೈದುನನಿಗೇ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಊರಿಗೆ ಹೋಗುವ ದಿನಗಳಿಗೆಂದು ದೀಪದ ಬತ್ತಿಯನ್ನು ಲೋಟದ ತೂತಿನಿಂದ ಕೆಳಗಿನ ನೀರಿಗೆ ಇಳಿಬಿಡುವ ಪ್ರಯೋಗವನ್ನೂ ಮಾಡಿದೆ. ಬತ್ತಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ನಿಲ್ಲಿಸುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಲೋಟ 190ರ ಕೆಳಗೆ ಇಳಿಯಲೇ ಇಲ್ಲ. ದೊಡ್ಡ ಬದನೆ ಸಸಿಗಳು ತಾಳಿಕೊಂಡವು, ಎಳೆಯ ಮೆಣಸಿನ ಸಸಿಗಳು ಹಳದಿಯಾದವು. ಕುಂಬಾರರ ಸಣ್ಣ ಮಣ್ಣಿನ ಕುಡಿಕೆಗಳಲ್ಲಿ ಸಸಿಗಳು ಸೊಗಸಾಗಿ ಬಂದವು, ಆದರೆ ಕುಡಿಕೆ ಪಕ್ಕದಿಂದಲೂ ಆರುವುದರಿಂದ ನೀರು ಇಮ್ಮಡಿ ಬೇಕು, ಒಂದಕ್ಕೆ ಎಂಟು ರೂಪಾಯಿ ಬೇರೆ. ಹತ್ತಿಪ್ಪತ್ತು ಸಸಿ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಇನ್ನು ಕಪ್ಪು ನುಸಿ, ಅಂದರೆ ಫಂಗಸ್ ನ್ಯಾಟ್ ಎಂಬ ಸಣ್ಣ ನೊಣ. ಎರೆಗೊಬ್ಬರ ಇದ್ದ ಕಡೆ ಅದು ಇದ್ದೇ ಇರುತ್ತದೆ, ಅದರ ಮರಿಹುಳುಗಳು ಮೇಲಿನ ಒಂದು ಇಂಚು ತೇವದಲ್ಲಿ ಬೆಳೆದು ಎಳೆ ಬೇರನ್ನು ಕಡಿಯುತ್ತವೆ. ಹಳದಿ ಅಂಟು ಹಾಳೆಗಳಿಗೆ ಮೊದಲು ತಿಂಗಳಿಗೆ ಇನ್ನೂರು ರೂಪಾಯಿ ಹೋಗುತ್ತಿತ್ತು. ಮೇಲ್ಪದರ ಒಣಗಿಯೇ ಇರುವ ಈ ಕ್ರಮ ಬಂದ ಮೇಲೆ ಇಡೀ ಬೇಸಿಗೆಗೆ ಒಂದೇ ಕಟ್ಟು ಸಾಕಾಯಿತು.

ಖರ್ಚಿನಲ್ಲಿ ಕಣ್ಣಿಗೆ ಬೀಳುವುದು ವಿದ್ಯುತ್ತು. ಎರಡು ಕಪಾಟುಗಳಲ್ಲಿ ಒಟ್ಟು ಹದಿನಾರು ಪಟ್ಟಿ, ಇಪ್ಪತ್ತು ವ್ಯಾಟಿನವು. ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ನೂರಮೂವತ್ತು ಯೂನಿಟ್ಟಿನ ಮೇಲೆ. ಮನೆಯ ಬಳಕೆ ಸೇರಿ 200 ಯೂನಿಟ್ ದಾಟಿದ್ದರಿಂದ ಗೃಹಜ್ಯೋತಿಯ ಶೂನ್ಯ ಬಿಲ್ಲು ಆ ಎರಡು ತಿಂಗಳು ಕೈತಪ್ಪಿತು. ಬೀಜ, ಮಿಶ್ರಣ, ಕರೆಂಟು ಎಲ್ಲ ಸೇರಿ ಒಂದು ದಪ್ಪ ಮೆಣಸಿನಕಾಯಿ ಸಸಿ ಸುಮಾರು ಹದಿಮೂರು ರೂಪಾಯಿಗೆ ಬಿದ್ದಿತು. ನರ್ಸರಿಯ ಸಸಿ ಇದಕ್ಕಿಂತ ಅಗ್ಗ, ಒಪ್ಪುತ್ತೇನೆ. ಆದರೆ ನೆಟ್ಟ ಮೇಲೆ ಬದಲಿ ಸಸಿ ಹಾಕಿದ ಗುಣಿಗಳನ್ನು ಭಾವಮೈದುನ ಎಣಿಸಿದಾಗ ನೂರಕ್ಕೆ ಎರಡು ಮೂರು ಮಾತ್ರ ಸಿಕ್ಕವು.

ನಾಟಿಗೆ ಒಂದು ವಾರ ಮೊದಲು ನೀರು ಕೊಡುವ ತೂಕದ ಗೆರೆಯನ್ನು 120ರಿಂದ 90ಕ್ಕೆ ಇಳಿಸುತ್ತೇನೆ. ಮಧ್ಯಾಹ್ನ ಎಲೆ ತುಸು ಬಾಡಿದಂತೆ ಕಂಡರೂ ದೀಪ ಆರಿದ ಮೇಲೆ ನೆಟ್ಟಗಾದರೆ ಅದಕ್ಕೆ ನೀರು ಕೊಡುವುದಿಲ್ಲ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ಕೊಡುತ್ತೇನೆ. ಹೀಗೆ ಬಿಗಿ ಮಾಡಿದ ಸಸಿಯ ಕಾಂಡ ಪೆನ್ಸಿಲ್ಲಿನ ಮುಕ್ಕಾಲು ದಪ್ಪಕ್ಕೆ ಗಟ್ಟಿಯಾಗುತ್ತದೆ. ಸಾಗಿಸುವ ದಿನ ಬೆಳಿಗ್ಗೆ ಒಂದೇ ಒಂದು ಸಲ ಲೋಟವನ್ನು ಕುತ್ತಿಗೆಯವರೆಗೆ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು, ಅರ್ಧ ಗಂಟೆ ಬಸಿಯಲು ಬಿಟ್ಟು ವ್ಯಾನಿಗೆ ಏರಿಸುತ್ತೇನೆ. ಬೇರಿನ ಗಡ್ಡೆ ಒಡೆಯದೆ ಲೋಟದಿಂದ ಜಾರಿ ಬರುತ್ತದೆ. ಟೊಮೆಟೊಗೆ 90 ಸರಿಹೋಯಿತು. ಬದನೆಯ ಬುಡದ ಎಲೆಗಳು ಆ ಹದಕ್ಕೆ ಉದುರಿದವು, ಹಾಗಾಗಿ ಅದಕ್ಕೆ 100ರಲ್ಲೇ ನಿಲ್ಲಿಸುವುದು ಲೇಸು.